ವಿಷಾನಿಲದ ಮುಖವಾಡದ ಮುಂದೆ ನಕ್ಕವರಿಗೆ: ಸಂಪಾದಕರ ಉತ್ತರ

ಮಾನ್ಯ ಓದುಗರಿಗೆ ವಂದನೆಗಳು.

ಬ್ರಸೆಲ್ಸ್‌ನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ದಾವಣಗೆರೆಯಿಂದ ಬಂದಿದ್ದ ತಂದೆತಾಯಿಯರನ್ನೂ ಎಂಟು ವರ್ಷದ ಮಗನನ್ನೂ ಕರೆದುಕೊಂಡು ನೀವು ಬೆಲ್ಜಿಯಂ ದೇಶದ ಈಪರ್ ಪಟ್ಟಣದಲ್ಲಿರುವ ಮೊದಲನೆಯ ಮಹಾಯುದ್ಧದ ವಸ್ತುಸಂಗ್ರಹಾಲಯವನ್ನು ನೋಡಲು ಹೋಗಿದ್ದಿರಿ. ಗಾಜಿನ ಪೆಟ್ಟಿಗೆಯಲ್ಲಿದ್ದ ವಿಷಾನಿಲದ ಮುಖವಾಡವನ್ನು ನೋಡಿ ನಿಮ್ಮ ತಂದೆಯವರು, ‘ಸಿಲ್ಕ್ ಬೋರ್ಡ್ ಸಿಗ್ನಲ್‌ನಾಗ ನಿಲ್ಲೋರಿಗೆಲ್ಲ ಸರ್ಕಾರದೋರು ಇದನ್ನ ಒಂದೊಂದು ಹಂಚಬೇಕು ನೋಡವ್ವ’ ಎಂದರು. ಸಮವಸ್ತ್ರ ತೊಟ್ಟ ಸೈನಿಕರ ಚಿತ್ರಗಳ ಮುಂದೆ ನಿಂತ ನಿಮ್ಮ ಮಗ, ‘ಇವರೆಲ್ಲರ ಕಾಲಿಗೂ ಪಟ್ಟಿ ಕಟ್ಟಿದ್ದಾರಲ್ಲ, ಎಲ್ಲರ ಕಾಲೂ ಮುರಿದಿತ್ತಾ ಅಜ್ಜ?’ ಎಂದು ಕೇಳಿದ. ನೀವು ಮೂವರೂ ನಕ್ಕಿರಿ. ನಿಮ್ಮ ತಾಯಿ ಮಾತ್ರ, ‘ಸಾವಿನ ಮನಿಗೆ ಬಂದು ಹಲ್ಲು ಕಿಸೀತೀರಲ್ಲ, ನಿಮಗೇನು ಅನ್ನಬೇಕು’ ಎಂದು ಸಿಟ್ಟಾದರು. ಆ ದಿನ ಸಂಜೆಯವರೆಗೂ ಸರಿಯಾಗಿ ಮಾತನಾಡಲಿಲ್ಲ. ಯುದ್ಧದಲ್ಲಿ ಸತ್ತವರ ವಸ್ತುಗಳ ಮುಂದೆ ನಗುವುದು ಅವರಿಗೆ ಮಾಡುವ ಅವಮಾನವೇ ಎಂದು ನೀವು ಕೇಳಿದ್ದೀರಿ.

ನೀವು ನಕ್ಕದ್ದು ತಪ್ಪಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನಿಮ್ಮ ತಾಯಿಯವರ ಸಿಟ್ಟನ್ನು ಹಳೆಯ ಕಾಲದವರ ಮಡಿವಂತಿಕೆ ಎಂದು ತಳ್ಳಿಹಾಕುವುದಕ್ಕೂ ನಾನು ಸಿದ್ಧನಿಲ್ಲ. ಕಾರಣ ಹೇಳಬೇಕಾದರೆ ನೀವು ನಿಂತು ನಕ್ಕ ಆ ಊರಿನ ಕಥೆಯನ್ನೇ ಹೇಳಬೇಕಾಗುತ್ತದೆ, ಏಕೆಂದರೆ ಆ ಯುದ್ಧದ ಅತ್ಯಂತ ಪ್ರಸಿದ್ಧವಾದ ನಗು ಹುಟ್ಟಿದ್ದು ಅದೇ ಊರಿನಲ್ಲಿ.

ವಸ್ತುಸಂಗ್ರಹಾಲಯವಿರುವ ಕಟ್ಟಡವು ಮಧ್ಯಯುಗದ ಜವಳಿ ವರ್ತಕರ ಮಂಟಪ. ದಾವಣಗೆರೆಯವರಾದ ನಿಮ್ಮ ತಂದೆಯವರಿಗೆ ಜವಳಿಯಿಂದ ಬೆಳೆದ ಊರೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನೀವು ಕಂಡ ಗೋಡೆಗಳು ಹೆಚ್ಚಿನ ಪಾಲು ಯುದ್ಧದ ನಂತರ ಮತ್ತೆ ಕಟ್ಟಿದವು. 1914ರಿಂದ 1918ರವರೆಗಿನ ಫಿರಂಗಿ ದಾಳಿಯಲ್ಲಿ ಮಂಟಪವೂ ಊರೂ ನೆಲಸಮವಾಗಿದ್ದವು. ಈ ಊರಿನ ಹೆಸರನ್ನು ಉಚ್ಚರಿಸಲು ಬಾರದ ಇಂಗ್ಲಿಷ್ ಸೈನಿಕರು ಅದನ್ನು ‘ವೈಪರ್ಸ್’ ಎಂದು ಕರೆದರು. 1916ರ ಆರಂಭದಲ್ಲಿ ಶೆರ್‌ವುಡ್ ಫಾರೆಸ್ಟರ್ಸ್ ದಳದ 12ನೇ ಬೆಟಾಲಿಯನ್ನಿನವರಿಗೆ ಅವಶೇಷಗಳ ನಡುವೆ ಒಂದು ಮುದ್ರಣಯಂತ್ರ ಸಿಕ್ಕಿತು. ಯುದ್ಧಕ್ಕೆ ಮೊದಲು ಮುದ್ರಕನಾಗಿದ್ದ ಒಬ್ಬ ಸಾರ್ಜೆಂಟ್ ಅದನ್ನು ರಿಪೇರಿ ಮಾಡಿದ. ಕ್ಯಾಪ್ಟನ್ ಫ್ರೆಡ್ ರಾಬರ್ಟ್ಸ್ ಸಂಪಾದಕರಾದರು, ಜ್ಯಾಕ್ ಪಿಯರ್ಸನ್ ಉಪಸಂಪಾದಕರಾದರು. ಕೋಟೆಗೋಡೆಯ ಒಳಗಿನ ನೆಲಮಾಳಿಗೆಯಲ್ಲಿ, ಸಾಲುವಷ್ಟು ಅಚ್ಚುಮೊಳೆಗಳೂ ಇಲ್ಲದೆ, ತಲೆಯ ಮೇಲೆ ಗುಂಡುಗಳು ಬೀಳುತ್ತಿರುವಾಗ, ‘ವೈಪರ್ಸ್ ಟೈಮ್ಸ್’ ಎಂಬ ಹಾಸ್ಯಪತ್ರಿಕೆಯ ಮೊದಲ ಸಂಚಿಕೆಯನ್ನು 1916ರ ಫೆಬ್ರವರಿ 12ರಂದು ಅವರು ಹೊರತಂದರು. ಪತ್ರಿಕೆಯ ಕೆಲಸದಲ್ಲೇ ಕೂದಲು ನರೆತವನಾದ ನನಗೆ ಅಚ್ಚುಮೊಳೆ ಸಾಲದ ಕಷ್ಟ ಗೊತ್ತು. ಶತ್ರುವಿನ ಗುಂಡಿನ ಕೆಳಗೆ ಮೊಳೆ ಜೋಡಿಸಿದವರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಅವರು ಯಾವುದನ್ನು ಕಂಡು ನಕ್ಕರು ಎಂಬುದನ್ನು ಗಮನಿಸಿ. ಇಡೀ ಪತ್ರಿಕೆ ಹುಸಿ ಜಾಹೀರಾತುಗಳಿಂದ ತುಂಬಿರುತ್ತಿತ್ತು. ಅವುಗಳಲ್ಲಿ ಹೆಚ್ಚು ಹೆಸರಾದದ್ದು, ಆಶಾವಾದವನ್ನು ಒಂದು ರೋಗವೆಂದು ಕರೆದು ಅದಕ್ಕೆ ಚಿಕಿತ್ಸೆ ಕೊಡುವುದಾಗಿ ಹೇಳುವ ಜಾಹೀರಾತು. ಬೆಳಿಗ್ಗೆ ಏಳುವಾಗ ನಮ್ಮ ಪಕ್ಷಕ್ಕೆ ಎಲ್ಲವೂ ಒಳ್ಳೆಯದೇ ಆಗುತ್ತಿದೆ ಎಂದು ಅನಿಸುತ್ತದೆಯೇ, ಇನ್ನು ಹನ್ನೆರಡು ತಿಂಗಳಲ್ಲಿ ಯುದ್ಧ ಮುಗಿಯುತ್ತದೆ ಎಂಬ ನಂಬಿಕೆ ಆಗಾಗ ಕಾಡುತ್ತದೆಯೇ ಎಂದು ರೋಗಲಕ್ಷಣಗಳನ್ನು ವಿಚಾರಿಸುವ ಆ ಜಾಹೀರಾತು, ನಮ್ಮಲ್ಲಿ ಎರಡು ದಿನ ಇದ್ದರೆ ರೋಗ ಬುಡಸಹಿತ ಹೋಗುತ್ತದೆ ಎಂದು ಭರವಸೆ ಕೊಡುತ್ತದೆ. ಅದು ಅಚ್ಚಾದದ್ದು 1916ರ ಜುಲೈ ಕೊನೆಯಲ್ಲಿ, ದಳವು ಫ್ರಾನ್ಸಿನ ಸೋಮ್ ರಣರಂಗಕ್ಕೆ ಹೋಗಿ ಪತ್ರಿಕೆಯ ಹೆಸರೂ ಅದಕ್ಕೆ ತಕ್ಕಂತೆ ಬದಲಾಗಿದ್ದಾಗ. ಅದೇ ತಿಂಗಳ ಮೊದಲನೆಯ ದಿನ ಅದೇ ರಣರಂಗದಲ್ಲಿ ಬ್ರಿಟಿಷ್ ಸೇನೆಯ 19,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಈ ಸಂಖ್ಯೆಯನ್ನು ತಿಳಿದ ಮೇಲೆ ಆ ಜಾಹೀರಾತನ್ನು ಇನ್ನೊಮ್ಮೆ ಓದಿದರೆ, ಸತ್ತವರನ್ನು ಮರೆತವರು ಬರೆದದ್ದು ಎಂದು ಯಾರಿಗಾದರೂ ಅನಿಸೀತೇ? ಪಕ್ಕದಲ್ಲಿದ್ದವನನ್ನು ಮಣ್ಣಿಗಿಟ್ಟು ಬಂದವರೇ ಅದನ್ನು ಬರೆದರು, ಅಂಥವರೇ ಅದನ್ನು ಓದಿದರು.

ಅವರ ಇನ್ನೊಂದು ಗುರಿ, ದೂರದಲ್ಲಿ ಸುರಕ್ಷಿತವಾಗಿ ಕುಳಿತು ಯುದ್ಧವನ್ನು ಹಬ್ಬದಂತೆ ವರ್ಣಿಸುತ್ತಿದ್ದ ಪತ್ರಕರ್ತರು ಮತ್ತು ಪಂಡಿತರು. ಲಂಡನ್ನಿನ ದಿನಪತ್ರಿಕೆಯೊಂದರ ಬೀಚ್ ಥಾಮಸ್ ಎಂಬ ವರದಿಗಾರರ ಹೆಸರನ್ನು ‘ಟೀಚ್ ಬೋಮಸ್’ ಎಂದು ತಿರುಗಿಸಿ, ಅವರ ಶೈಲಿಯಲ್ಲಿಯೇ ಅಸಂಭವ ಪರಾಕ್ರಮಗಳ ವರದಿಗಳನ್ನು ಈ ಸೈನಿಕರು ಬರೆದರು. ನಮ್ಮಲ್ಲಿ ಈ ಬಗೆಯ ಶೌರ್ಯಕ್ಕೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಇದೆ. ವಿರಾಟನಗರದ ಹೆಂಗಳೆಯರ ಮುಂದೆ ಕೌರವಸೇನೆಯನ್ನು ಒಬ್ಬನೇ ಮುಗಿಸಿಬಿಡುವೆನೆಂದು ಜಂಬ ಕೊಚ್ಚಿ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಹಾರಿ ಓಡಿದ ಉತ್ತರಕುಮಾರನನ್ನು ನೋಡಿ ನಮ್ಮ ಜನ ತಲೆಮಾರುಗಳಿಂದ ನಗುತ್ತ ಬಂದಿದ್ದಾರೆ. ಯಕ್ಷಗಾನದ ಯುದ್ಧಪ್ರಸಂಗಗಳಲ್ಲಿಯೂ ಹಾಸ್ಯಗಾರನಿಗೆ ಸ್ಥಾನವಿದೆ. ಅವನು ಬಂದು ಹೋದದ್ದರಿಂದ ಮುಂದೆ ಬರುವ ಅಭಿಮನ್ಯುವಿನ ಸಾವು ಹಗುರಾಯಿತೆಂದು ಯಾವ ಪ್ರೇಕ್ಷಕನೂ ದೂರಿದ್ದಿಲ್ಲ. ನಿಮ್ಮ ತಾಯಿಯವರೊಡನೆ ಮಾತನಾಡುವಾಗ ಈ ವಿಷಯವನ್ನು ಪ್ರಸ್ತಾಪಿಸಿ ನೋಡಿ. ಹಾಗೆಯೇ ನಮ್ಮ ಮನೆಗಳಲ್ಲಿ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಜಗುಲಿಯಲ್ಲಿ ಕುಳಿತ ಬಂಧುಗಳು ತೀರಿಕೊಂಡವರ ಸಿಡುಕನ್ನೋ ಜಿಪುಣತನವನ್ನೋ ನೆನೆದು ನಗುವುದನ್ನೂ ಅವರು ಕಂಡಿರಲೇಬೇಕು. ಆ ನಗುವಿನ ನಡುವೆಯೇ ಯಾರೋ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ.

ಹಾಗಾದರೆ ಭಾರತೀಯ ಸೈನಿಕರು ನಗಲಿಲ್ಲವೇ? 1914ರ ಅಕ್ಟೋಬರಿನಲ್ಲಿಯೇ ಅವರು ಈಪರ್ ಸುತ್ತಲಿನ ಕಂದಕಗಳನ್ನು ಸೇರಿದ್ದರು. ಅವರ ಪತ್ರಗಳನ್ನು ಸೇನೆಯ ಸೆನ್ಸಾರ್ ಅಧಿಕಾರಿಗಳು ಅನುವಾದ ಮಾಡಿಸಿ ಓದುತ್ತಿದ್ದರು, ಅದು ಸೈನಿಕರಿಗೂ ಗೊತ್ತಿತ್ತು. ಆದ್ದರಿಂದ ಕೆಲವರು ಮನೆಗೆ ಮೆಣಸಿನ ಲೆಕ್ಕ ಬರೆದರು. ಊರಿನಿಂದ ಬಂದ ಕರಿ ಮೆಣಸು ಬಹುತೇಕ ತೀರಿಹೋಗಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂಬ ಧಾಟಿಯ ಮಾತು. ಕರಿ ಮೆಣಸೆಂದರೆ ಭಾರತೀಯರು, ಕೆಂಪು ಮೆಣಸೆಂದರೆ ಬಿಳಿಯರು. ಸೆನ್ಸಾರಿನವರಿಗೂ ಅರ್ಥವಾಯಿತು, ತಮ್ಮ ವರದಿಗಳಲ್ಲಿ ಅದನ್ನು ಬರೆದಿಟ್ಟರು. ಹಾಗಾಗಿಯೇ ಅದು ನಮ್ಮವರೆಗೆ ಬಂದಿದೆ. ಅಡುಗೆಮನೆಯ ಒಂದು ಡಬ್ಬಿಯನ್ನು ಮುಂದಿಟ್ಟುಕೊಂಡು ತಮ್ಮ ಮರಣದ ಸುದ್ದಿಯನ್ನು ಹೇಳಿದ ಆ ಜಾಣತನವನ್ನು ಓದಿದಾಗ ಮೊದಲು ತುಟಿಯ ಮೇಲೆ ನಗು ಬರುತ್ತದೆ, ಮರುಕ್ಷಣ ಅದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಯುದ್ಧದ ವಸ್ತುಸಂಗ್ರಹಾಲಯದಲ್ಲಿ ಹುಟ್ಟಬೇಕಾದ ನಗು ಇಂಥದ್ದು ಎಂದು ನಾನು ನಂಬುತ್ತೇನೆ. ಸಾವಿರಾರು ಹೆಸರುಗಳಲ್ಲಿ ಒಂದಾಗಿದ್ದವನು ಆ ಕ್ಷಣದಲ್ಲಿ ನಮ್ಮ ಪಕ್ಕದ ಮನೆಯವನಂತೆ ಮಾತನಾಡುತ್ತಾನೆ.

ಈಗ ನಿಮ್ಮ ತಂದೆಯವರ ಮಾತಿಗೆ ಬರೋಣ. ಅವರು ನಕ್ಕದ್ದು ಬೆಂಗಳೂರಿನ ಹೊಗೆಯನ್ನು ನೆನೆದು, ಅಂದರೆ ನಮ್ಮದೇ ಪಾಡನ್ನು ನೆನೆದು. ಮುಖವಾಡ ತೊಟ್ಟವನನ್ನು ಅವರು ಹೀಯಾಳಿಸಲಿಲ್ಲ. ಅಷ್ಟರಮಟ್ಟಿಗೆ ಅದು ಸೈನಿಕರ ಹಾಸ್ಯಕ್ಕೆ ತೀರ ಹತ್ತಿರದ್ದು. ನನ್ನ ಆಕ್ಷೇಪವಿರುವುದು ನೀವು ನಕ್ಕು ಮುಂದಿನ ಕೋಣೆಗೆ ನಡೆದುಬಿಟ್ಟದ್ದಕ್ಕೆ. 1915ರ ಏಪ್ರಿಲ್ 22ರ ಸಂಜೆ, ಅದೇ ಊರಿನ ಉತ್ತರದ ಹೊಲಗಳಲ್ಲಿ, ಜರ್ಮನ್ ಸೇನೆ ಸಿಲಿಂಡರುಗಳ ಬಾಯಿ ತೆರೆದು ಗಾಳಿಯ ಜೊತೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಹಳದಿ ಹಸಿರಿನ ಮೋಡ ನೆಲಕ್ಕೆ ತಾಗಿಕೊಂಡು ಬಂದಾಗ ಎದುರಿನವರ ಬಳಿ ಯಾವ ಮುಖವಾಡವೂ ಇರಲಿಲ್ಲ. ಬಟ್ಟೆಯ ಮೇಲೆ ಮೂತ್ರ ಮಾಡಿ ಅದನ್ನು ಮೂಗು ಬಾಯಿಗೆ ಒತ್ತಿಕೊಳ್ಳುವುದೇ ಮೊದಮೊದಲ ಉಪಾಯವಾಗಿತ್ತು. ನಾಲ್ಕು ದಿನಗಳ ನಂತರ, ಸರಿಯಾದ ರಕ್ಷಣೆಯಿಲ್ಲದೆ ಅದೇ ಅನಿಲದೊಳಕ್ಕೆ ನುಗ್ಗಿದವರಲ್ಲಿ ನಮ್ಮ ಲಾಹೋರ್ ಡಿವಿಷನ್ನಿನವರೂ ಇದ್ದರು. ಆ ದಿನ ಗಾಯಗೊಂಡ ಅಧಿಕಾರಿಗಳನ್ನು ಹೊತ್ತು ತಂದ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ನೀವು ನೋಡಿದ ಮುಖವಾಡ ಈ ಎಲ್ಲದರ ನಂತರ ಬಂದದ್ದು. ತಾತನ ಮಾತಿಗೆ ಮೊಮ್ಮಗ ನಕ್ಕು ಅಲ್ಲಿ ನಿಂತಿದ್ದಾಗಲೇ ಇಷ್ಟನ್ನು ಹೇಳಿದ್ದರೆ ಅವನು ಕಿವಿಗೊಟ್ಟು ಕೇಳುತ್ತಿದ್ದ. ಮಕ್ಕಳು ನಕ್ಕ ಜಾಗದಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತಾರೆ.

ನಿಮ್ಮ ತಾಯಿಯವರ ಮಾತು ನೂರಕ್ಕೆ ನೂರು ಸಲ್ಲುವ ಜಾಗವೂ ಆ ಊರಿನಲ್ಲಿಯೇ, ವಸ್ತುಸಂಗ್ರಹಾಲಯದಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿದೆ. ಮೆನಿನ್ ದ್ವಾರದ ಗೋಡೆಗಳ ಮೇಲೆ ದೇಹವೇ ಸಿಗದೆ ಹೋದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ, ಅವುಗಳಲ್ಲಿ ಭಾರತೀಯರವೂ ಇವೆ. ಪ್ರತಿ ಸಂಜೆ ಎಂಟು ಗಂಟೆಗೆ ಅಲ್ಲಿ ಸಂಚಾರ ನಿಲ್ಲಿಸಿ ಕಹಳೆ ಊದುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಊರು ಜರ್ಮನರ ವಶದಲ್ಲಿದ್ದ ವರ್ಷಗಳನ್ನು ಬಿಟ್ಟರೆ 1929ರಿಂದ ಈ ಪದ್ಧತಿ ತಪ್ಪಿಲ್ಲ. ಆ ಹೊತ್ತಿನಲ್ಲಿ ಚಪ್ಪಾಳೆಯೂ ಸಲ್ಲದು. ಅಲ್ಲಿ ನಗಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಯೇ ಕಂದಕದಲ್ಲಿ ಸತ್ತವನಂತೆ ಮಲಗಿ ಫೋಟೊ ತೆಗೆಸಿಕೊಳ್ಳುವವರನ್ನೂ, ಸಮಾಧಿಯ ಕಲ್ಲಿಗೆ ಒರಗಿ ಹಲ್ಲು ಬಿಡುವವರನ್ನೂ ನಾನು ಸಮರ್ಥಿಸಲಾರೆ. ಅಲ್ಲಿ ನಗುವವನಿಗೆ ಸತ್ತವನು ಬರಿಯ ಹಿನ್ನೆಲೆಯ ಪರದೆ.

ಮುಂದಿನ ರಜೆಯಲ್ಲಿ ತಂದೆತಾಯಿಯರು ಮತ್ತೆ ಬಂದರೆ ಈಪರ್‌ನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಪೊಪೆರಿಂಗೆಗೆ ಕರೆದುಕೊಂಡು ಹೋಗಿ. 1915ರ ಡಿಸೆಂಬರಿನಲ್ಲಿ ಫಿಲಿಪ್ ಕ್ಲೇಟನ್ ಎಂಬ ಸೇನಾಪಾದ್ರಿ ಅಲ್ಲಿ ಟಾಲ್ಬಟ್ ಹೌಸ್ ಎಂಬ ವಿಶ್ರಾಂತಿಗೃಹವನ್ನು ತೆರೆದರು. ರಣರಂಗದಿಂದ ಬಿಡುವು ಸಿಕ್ಕವರು ಸಿಪಾಯಿ, ಅಧಿಕಾರಿ ಎಂಬ ಭೇದವಿಲ್ಲದೆ ಬಂದು ಕೂಡುತ್ತಿದ್ದ ಮನೆ ಅದು. ಈಗ ಅದೂ ಒಂದು ವಸ್ತುಸಂಗ್ರಹಾಲಯ. ಬಾಗಿಲಲ್ಲಿ, ನಿರಾಶಾವಾದಿಗಳಿಗೆ ಹೊರಹೋಗುವ ದಾರಿ ಇತ್ತ ಎಂದು ಬೀದಿಯ ಕಡೆಗೆ ತೋರಿಸುವ ಫಲಕವಿತ್ತು. ಪಾದ್ರಿಯ ಕೋಣೆಯ ಬಾಗಿಲಿಗೆ, ಒಳಗೆ ಬರುವವರು ತಮ್ಮ ಪದವಿಯನ್ನು ಹೊರಗೆ ಬಿಟ್ಟು ಬರಬೇಕೆಂಬ ಅರ್ಥದ ಬರಹವಿತ್ತು. ಈ ಫಲಕಗಳನ್ನು ಓದಿ ನಕ್ಕ ಸೈನಿಕರೇ ಮೆಟ್ಟಿಲು ಹತ್ತಿ, ಅಟ್ಟದ ಮೇಲಿನ ಪ್ರಾರ್ಥನಾಮಂದಿರದಲ್ಲಿ ಬಡಗಿಯ ಕೆಲಸದ ಮೇಜನ್ನೇ ಪೂಜಾವೇದಿಕೆ ಮಾಡಿಕೊಂಡು ಮಂಡಿಯೂರುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಅಲ್ಲಿಂದ ನೇರವಾಗಿ ಕಂದಕಕ್ಕೆ ಹೋದವರು ಹಿಂದಿರುಗಲಿಲ್ಲ. ನಿಮ್ಮ ತಂದೆಯವರಿಗೆ ಕೆಳಗಿನ ಫಲಕ ಇಷ್ಟವಾದೀತು. ತಾಯಿಯವರನ್ನು ನಿಧಾನವಾಗಿ ಅಟ್ಟಕ್ಕೂ ಕರೆದುಕೊಂಡು ಹೋಗಿ.

ನಿಮ್ಮ ಮಗನ ಪ್ರಶ್ನೆಗೆ ಉತ್ತರ ಕೊಡುವುದು ಉಳಿದಿದೆ. ಅವರ ಕಾಲು ಮುರಿದಿರಲಿಲ್ಲ ಎಂದು ಅವನಿಗೆ ಹೇಳಿ. ಮಣ್ಣು, ಕೆಸರು ಒಳಗೆ ಸೇರದಂತೆ ಕಣಕಾಲಿನಿಂದ ಮೊಣಕಾಲಿನವರೆಗೆ ಉದ್ದನೆಯ ಬಟ್ಟೆಯನ್ನು ಸುತ್ತಿಕೊಳ್ಳುವ ಈ ರೂಢಿಯನ್ನು ಬ್ರಿಟಿಷ್ ಸೈನಿಕರು ಕಲಿತದ್ದು ಭಾರತದಲ್ಲಿ. ಅದಕ್ಕೆ ಅವರು ಇಟ್ಟುಕೊಂಡ ‘ಪಟೀ’ ಎಂಬ ಹೆಸರೂ ಅವನು ಬಳಸಿದ ‘ಪಟ್ಟಿ’ ಎಂಬ ನಮ್ಮ ಮಾತೇ, ಹಿಂದಿಯ ಮೂಲಕ ಅವರ ಭಾಷೆಗೆ ಹೋದದ್ದು. ಆದರೆ ತಿಂಗಳುಗಟ್ಟಲೆ ನೀರು ನಿಂತ ಕಂದಕಗಳಲ್ಲಿ ಆ ಬಟ್ಟೆ ನೆನೆದು ಬಿಗಿದುಕೊಂಡಾಗ ರಕ್ತ ಸಂಚಾರಕ್ಕೆ ಅಡ್ಡಿಯಾಗಿ, ಎಷ್ಟೋ ಮಂದಿಯ ಪಾದಗಳು ಕೊಳೆಯಲು ಅದೂ ಒಂದು ಕಾರಣವಾಯಿತು. ಅವನು ಕೇಳಿದ್ದರಲ್ಲಿ ಅರ್ಧ ನಿಜವಿತ್ತು.

ಇತಿ,
ಸಂಪಾದಕ