ಮಿದುಳಿನ ಅಧ್ಯಯನದಲ್ಲಿ ಭಾಷೆ ಓದಿದವರಿಗೇನು ಕೆಲಸ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಮಗಳು ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿದ್ದಾಳೆ. ಈಗ ವಿಶ್ವವಿದ್ಯಾಲಯವೊಂದರ ಕಾಗ್ನಿಟಿವ್ ಸೈನ್ಸ್ ವಿಭಾಗದಲ್ಲಿ ಮಿದುಳು ಮತ್ತು ಮನಸ್ಸಿನ ಬಗ್ಗೆ ಸಂಶೋಧನೆ ಮಾಡುತ್ತೇನೆ ಎನ್ನುತ್ತಿದ್ದಾಳೆ. ಮಿದುಳು ವೈದ್ಯರ ಕ್ಷೇತ್ರವಲ್ಲವೇ? ಅಲ್ಲಿ ಭಾಷೆ ಓದಿದವರು, ಕಂಪ್ಯೂಟರ್ ಓದಿದವರು ಏನು ಮಾಡುತ್ತಾರೆ?

ಉತ್ತರ: ಮನೆಯಲ್ಲಿ ಯಾವ ಭಾಷೆ, ಹೊರಗೆ ಯಾವ ಭಾಷೆ ಎಂಬುದನ್ನೂ ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಹೇಳಲು ನನಗೆ ಅದೇ ದಾರಿ.

ನಾವು ಅರಳು ಮರಳು ಎಂದು ಕರೆದು ಸುಮ್ಮನಾಗುವ ಸ್ಥಿತಿಯ ಹಿಂದೆ ಎಷ್ಟೋ ಸಲ ಡಿಮೆನ್ಷಿಯಾ ಎಂಬ ಕಾಯಿಲೆ ಇರುತ್ತದೆ. ಟೊರಾಂಟೊದ ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು ಇಂಥ 184 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಬದುಕಿನುದ್ದಕ್ಕೂ ಎರಡು ಭಾಷೆ ಬಳಸಿದವರಲ್ಲಿ ಕಾಯಿಲೆಯ ಲಕ್ಷಣಗಳು ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡಿದ್ದವು ಎಂದು 2007ರಲ್ಲಿ ಪ್ರಕಟಿಸಿದರು. ಅದಕ್ಕೊಂದು ನ್ಯಾಯವಾದ ತಕರಾರು ಬಂತು. ಅಲ್ಲಿನ ದ್ವಿಭಾಷಿಗಳಲ್ಲಿ ಹೆಚ್ಚಿನವರು ವಲಸೆ ಬಂದವರು. ಹಾಗಿರುವಾಗ ಲಾಭ ಭಾಷೆಯಿಂದ ಬಂದದ್ದೋ, ದೇಶ ಬಿಟ್ಟು ದೇಶಕ್ಕೆ ಹೋಗಿ ನೆಲೆ ನಿಲ್ಲುವ ಗಟ್ಟಿತನದಿಂದ ಬಂದದ್ದೋ ಎಂದು ಹೇಗೆ ತಿಳಿಯುವುದು?

ತಿಳಿಯಬೇಕಾದರೆ ಹುಟ್ಟಿದ ಊರಲ್ಲೇ ಇದ್ದು ಎರಡು ಮೂರು ಭಾಷೆ ಆಡುವವರು ಬೇಕು. ಹೈದರಾಬಾದಿನಲ್ಲಿ ತೆಲುಗು, ದಖನಿ ಉರ್ದು, ಹಿಂದಿ, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಅಲ್ಲಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಸ್ಪತ್ರೆಯಲ್ಲಿದ್ದ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದ ನರವೈದ್ಯೆ ಸುವರ್ಣಾ ಅಲ್ಲಾಡಿ ಅವರ ತಂಡ 648 ರೋಗಿಗಳ ವಿವರಗಳನ್ನು ಕಲೆಹಾಕಿತು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದೇ ಭಾಷೆಯವರಲ್ಲಿ ಕಾಯಿಲೆ ಶುರುವಾದ ಸರಾಸರಿ ವಯಸ್ಸು 61.1, ಉಳಿದವರಲ್ಲಿ 65.6. ಶಾಲೆಯ ಮೆಟ್ಟಿಲು ಹತ್ತದವರಲ್ಲಿ ಈ ಅಂತರ ಆರು ವರ್ಷ. ನನ್ನ ಮಟ್ಟಿಗೆ ಇಡೀ ಅಧ್ಯಯನದ ತಿರುಳು ಈ ಕೊನೆಯ ಅಂಕಿಯಲ್ಲಿದೆ. ಲಾಭ ಭಾಷೆಯದ್ದಲ್ಲ, ಓದಿನದ್ದು ಎಂಬ ವಾದಕ್ಕೆ ಅಕ್ಷರ ಬಾರದವರ ವಿಷಯದಲ್ಲಿ ಎಡೆಯೇ ಇಲ್ಲವಲ್ಲ.

ಈ ಪ್ರಬಂಧದ ಲೇಖಕರಲ್ಲಿ ನರವೈದ್ಯರ ಜೊತೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ದುಗ್ಗಿರಾಲ ವಸಂತಾ, ಹೈದರಾಬಾದ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಬಾಪಿರಾಜು ಸೂರಂಪೂಡಿ, ಎಡಿನ್‌ಬರೋ ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿ ಥಾಮಸ್ ಬಾಕ್ ಇದ್ದಾರೆ. ದ್ವಿಭಾಷಿ ಎಂದರೆ ಯಾರು ಎಂಬ ಮೊದಲ ಪ್ರಶ್ನೆಗೇ ವೈದ್ಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ತನ್ನ ಮತ್ತು ಸಮಾಜದ ದೈನಂದಿನ ವ್ಯವಹಾರವನ್ನು ಎರಡು ಭಾಷೆಗಳಲ್ಲಿ ನಡೆಸಬಲ್ಲವರು ಎಂಬ, ಒಡಿಶಾದ ಮನೋವಿಜ್ಞಾನಿ ಅಜಿತ್ ಮೊಹಾಂತಿ ಅವರ ವಿವರಣೆಯನ್ನು ತಂಡ ಬಳಸಿಕೊಂಡಿತು. ಓದು ಬರಹವನ್ನು ಅಳತೆಗೋಲು ಮಾಡಿದ್ದರೆ ನಿಮ್ಮ ಹಳ್ಳಿಯ ಎಷ್ಟೋ ಅಜ್ಜಿಯರು ದ್ವಿಭಾಷಿಗಳ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಇನ್ನು ಪರೀಕ್ಷೆಯ ಮಾತು. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದು ಹಿರಿಯರನ್ನು ಕೇಳುವುದು ವಾಡಿಕೆ. ನಿಮ್ಮ ಮನೆಯ ಅಜ್ಜಿ ನಾಯಿ, ಬೆಕ್ಕು, ಹಸು ಎಂದು ಹೇಳಿ, ಸ್ವಲ್ಪ ತಡೆದು ‘ಕುಕ್ಕ’ ಎಂದರೆನ್ನಿ. ಹೇಳಿದ್ದನ್ನೇ ಮತ್ತೆ ಹೇಳುವ ಕಾಯಿಲೆಯ ಲಕ್ಷಣವೇ ಅದು, ಅಥವಾ ನಾಯಿಯ ತೆಲುಗು ಹೆಸರು ತಾನಾಗಿ ಬಾಯಿಗೆ ಬಂದದ್ದೇ? ಅಂಕ ಹಾಕುವವರು ಇಲ್ಲಿ ಎಡವಿದರೆ ಆರೋಗ್ಯವಂತರಿಗೆ ರೋಗದ ಹಣೆಪಟ್ಟಿ ಬೀಳುತ್ತದೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ ತಬ್ಬಿಬ್ಬಾಗುವ ಹೆಂಗಸು, ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಲೆಕ್ಕವನ್ನು ಒಂದು ರೂಪಾಯಿಯೂ ತಪ್ಪದಂತೆ ಹೇಳಬಲ್ಲಳು. ಇಂಥ ತೊಡಕುಗಳಿಗಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಹಾಗೆ ಸಿದ್ಧಪಡಿಸುವುದು ಪದಕ್ಕೆ ಪದ ಹುಡುಕಿದರೆ ಮುಗಿಯುವ ಕೆಲಸವಲ್ಲ. ನಿಮ್ಮ ಮಗಳ ಓದು ನೇರವಾಗಿ ಉಪಯೋಗಕ್ಕೆ ಬರುವುದು ಅಲ್ಲೇ. ಸ್ಕ್ಯಾನ್ ಚಿತ್ರಗಳು, ಮಾತಿನ ಧ್ವನಿಮುದ್ರಣ, ರಕ್ತಪರೀಕ್ಷೆಯ ವಿವರ ಎಲ್ಲವನ್ನೂ ಒಟ್ಟಿಗಿಟ್ಟು ಅರ್ಥ ಹುಡುಕಲು ಕಂಪ್ಯೂಟರ್ ಬಲ್ಲವರು ಬೇಕು. ನಿಮ್ಮ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯಿಟ್ಟು ಕೆಲಸ ಮಾಡುತ್ತಿದೆ. ಮಗಳ ಜೊತೆ ಅದರ ಬಗ್ಗೆ ಮಾತನಾಡಿ. ಅವಳಿಗೆ ಆ ಊರುಗಳ ಎರಡೂ ಭಾಷೆ ಬರುವುದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಎರಡು ಭಾಷೆಯಿಂದ ಮರೆವಿನ ಕಾಯಿಲೆ ದೂರವಾಗುತ್ತದೆ ಎಂದು ಓದಿದೆ. ಹಾಗಾದರೆ ಮೊಮ್ಮಕ್ಕಳಿಗೆ ನಾಲ್ಕೈದು ಭಾಷೆ ಕಲಿಸಬಹುದೇ?

ಉತ್ತರ: ಕಲಿಸಿ, ಆದರೆ ಔಷಧಿ ಎಂದು ಕಲಿಸಬೇಡಿ. ಹೈದರಾಬಾದಿನ ಅಧ್ಯಯನದಲ್ಲಿ ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭ ಕಾಣಲಿಲ್ಲ. ಅಲ್ಲಿ ಕಂಡದ್ದು ಕಾಯಿಲೆ ತಡವಾಗಿ ಬಂದದ್ದು ಮಾತ್ರ. ಆ 391 ಮಂದಿಗೂ ಕಾಯಿಲೆ ಬಂದೇ ಇತ್ತು ಎಂಬುದನ್ನು ಮರೆಯಬಾರದು. ಅದೇ ನಗರದಲ್ಲಿ ಪಾರ್ಶ್ವವಾಯುವಾದ 608 ಮಂದಿಯ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಮೇಲೂ ನೆನಪು ಮತ್ತು ಯೋಚನಾಶಕ್ತಿ ಸರಿಯಾಗಿ ಉಳಿದವರು ದ್ವಿಭಾಷಿಗಳಲ್ಲಿ ಶೇ 40.5, ಒಂದೇ ಭಾಷೆಯವರಲ್ಲಿ ಶೇ 19.6. ಆದರೆ ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ಮಾತಾಡುವ ಸಾವಿರಕ್ಕೂ ಹೆಚ್ಚು ವಲಸಿಗರನ್ನು ಮರೆವಿನ ಕಾಯಿಲೆ ಬರುವ ಮೊದಲಿನಿಂದಲೇ ಹಲವು ವರ್ಷ ಗಮನಿಸಿದವರಿಗೆ ಇಂಗ್ಲಿಷ್ ಬಲ್ಲವರಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ಲೆಕ್ಕಹಾಕುವುದಕ್ಕೂ ಊರವರನ್ನೆಲ್ಲ ಮೊದಲಿನಿಂದ ಗಮನಿಸುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಈ ವಿಷಯದಲ್ಲಿ ಚರ್ಚೆ ಇನ್ನೂ ನಡೆದಿದೆ.

ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿದ್ದರೆ ಪರೀಕ್ಷೆಗೆ ಕರೆದೊಯ್ಯಿರಿ. ಅವರು ದಿನವೂ ಆಡುವ ಭಾಷೆ ಯಾವುದು, ಎಷ್ಟು ಓದಿದ್ದಾರೆ ಎಂಬುದನ್ನು ಪರೀಕ್ಷೆ ಶುರುವಾಗುವ ಮುಂಚೆಯೇ ವೈದ್ಯರಿಗೆ ತಿಳಿಸಿ.