“ಯಾವ ಏರಿಯಾ ಸೇಫ್ ಅದ ಹೇಳ್ರಿ ಮೇಡಂ”: ಒಂದು ಆಪ್ತಸಲಹೆ ಪ್ರಕರಣ

ಮಕ್ಕಳ ಓದಿಗೆ ಅಂತ ಕಲಬುರಗಿಯಲ್ಲಿ ಮನೆ ಮಾಡುವುದು ನಮ್ಮ ಭಾಗದಲ್ಲಿ ಹೊಸದೇನಲ್ಲ. ಅಪ್ಪ ಊರಲ್ಲಿ ಹೊಲ, ಅಂಗಡಿ ನೋಡಿಕೊಳ್ಳುತ್ತಾನೆ. ಅವ್ವ ಮಕ್ಕಳನ್ನು ಕರೆದುಕೊಂಡು ಸಿಟಿಗೆ ಬರುತ್ತಾಳೆ. ಶನಿವಾರ ರಾತ್ರಿ ಅಪ್ಪ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲಿ ವಾಪಸ್ ಹೋಗುತ್ತಾನೆ. ಯಾದಗಿರಿ, ಸುರಪುರ, ಸೇಡಂ, ಚಿತ್ತಾಪುರ, ಎಲ್ಲ ಕಡೆಯಿಂದ ಹೀಗೆ ಬಂದ ಮನೆಗಳಿವೆ. ಈ ಪ್ರಕರಣವೂ ಅಂಥದ್ದೇ. ಗುರುತು ಸಿಗಬಾರದು ಅಂತ ಊರು, ಕೆಲಸ, ಮಕ್ಕಳ ತರಗತಿ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಶಹಾಪುರ ತಾಲ್ಲೂಕಿನವರು ಅಂದುಕೊಳ್ಳಿ. ತಂದೆಗೆ ಬೀಜ-ಗೊಬ್ಬರದ ಅಂಗಡಿ. ಮಗಳು ಎಂಟನೇ ತರಗತಿಗೆ, ಮಗ ಮೂರನೇ ತರಗತಿಗೆ. ಸೇಡಂ ರಸ್ತೆ ಕಡೆಯ ಒಂದು ಶಾಲೆಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಮನೆ ಸಿಗಲಿಲ್ಲ ಅಂತ ಯಾರೂ ಆಪ್ತಸಲಹೆಗೆ ಬರುವುದಿಲ್ಲ ಅಲ್ವಾ? ಅವರು ಬಂದದ್ದು ಮಗಳಿಗಾಗಿ. ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲ, ರಾತ್ರಿ ನಿದ್ದೆ ಇಲ್ಲ, ಕೇಳಿದ್ದಕ್ಕೆ ಹ್ಞೂಂ ಉಹ್ಞೂಂ ಬಿಟ್ಟರೆ ಬೇರೆ ಮಾತಿಲ್ಲ. ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದರು. ಅದರಲ್ಲಿ ಏನೂ ಇರಲಿಲ್ಲ.

ಆದರೆ ಕೂತ ಕೂಡಲೇ ತಂದೆ ಕೇಳಿದ್ದು ಮಗಳ ವಿಷಯ ಅಲ್ಲ. “ಮೇಡಂರೀ, ನೀವು ಇಲ್ಲೇ ಇರೋರು. ಯಾವ ಏರಿಯಾ ಸೇಫ್ ಅದ ಹೇಳ್ರಿ.”

ಅವರ ಮನಸ್ಸಿನಲ್ಲಿ ಆಗಲೇ ಒಂದು ಮನೆ ಇತ್ತು. ರಿಂಗ್ ರೋಡಿನ ಆಚೆ ಹೊಸ ಲೇಔಟು, ಬಾಡಿಗೆ 5,500. ಜೇವರ್ಗಿ ರಸ್ತೆಯಿಂದ ಹತ್ತಿರ, ಹಾಗಾಗಿ ಶನಿವಾರ ಬಸ್ ಇಳಿದರೆ ಸುಲಭ. ಎಲ್ಲಕ್ಕಿಂತ ಮುಖ್ಯ, “ನಮ್ಮ ಮಂದಿ ಇದ್ದಾರ್ರಿ ಅಲ್ಲಿ.” ತಾಯಿ ಪಟ್ಟು ಹಿಡಿದದ್ದು ಸೇಡಂ ರಸ್ತೆಗೆ ಹತ್ತಿರದ ಜಯನಗರದ ಮನೆಗೆ. ಬಾಡಿಗೆ 11,000. ಶಾಲೆಗೆ ಹತ್ತಿರ, ಜಿಮ್ಸ್ ಆಸ್ಪತ್ರೆಯೂ ಅದೇ ರಸ್ತೆಯಲ್ಲಿ. ಅಂಗಡಿಯ ಲೆಕ್ಕ ನೋಡಿದರೆ ಅಷ್ಟು ಬಾಡಿಗೆ ತಡೆಯುವುದಿಲ್ಲ ಅನ್ನೋದು ಇಬ್ಬರಿಗೂ ಗೊತ್ತು. ಆದರೂ ಜಗಳ ನಿಂತಿರಲಿಲ್ಲ. ಇಬ್ಬರ ಬಾಯಲ್ಲೂ ಸೇಫ್ ಅನ್ನೋದೊಂದೇ ಮಾತು, ಹೇಳುತ್ತಿದ್ದದ್ದು ಮಾತ್ರ ಬೇರೆ ಬೇರೆ.

ಇಂಥ ಕಡೆ ನಾನು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡುವುದಿಲ್ಲ. ಒಬ್ಬೊಬ್ಬರನ್ನೇ ಕರೆಯುತ್ತೇನೆ. ತಾಯಿ ಒಬ್ಬರೇ ಇದ್ದಾಗ ಕಳ್ಳರು, ಕುಡುಕರು ಯಾವುದೂ ಮಾತಿಗೆ ಬರಲಿಲ್ಲ. ಅವರ ಹೆದರಿಕೆ ನಂಟರದ್ದೇ. ಗಂಡ ಜೊತೆಗಿಲ್ಲದ ಹೆಂಗಸು, ಸಂಜೆ ಮನೆಗೆ ಗ್ಯಾಸಿನವನು ಬಂದ, ಟ್ಯೂಷನ್ ಮಾಸ್ತರ ಬಂದ ಅಂತ ಸುದ್ದಿ ಶಹಾಪುರಕ್ಕೆ ಮುಟ್ಟುತ್ತದೆ. “ನಮ್ಮ ಮಂದಿ ನಡುವೆ ಇದ್ರ ದಿನಾ ಹಾಜರಿ ಕೊಡಬೇಕ್ರಿ ನಾ,” ಅಂದರು. ತಂದೆಗೆ ಬೇಕಾಗಿದ್ದೂ ಅದೇ ಹಾಜರಿ. ಅನುಮಾನ ಇತ್ತು ಅಂತಲ್ಲ. ಎಂಬತ್ತು ಕಿಲೋಮೀಟರು ದೂರ ಕೂತವನಿಗೆ ಯಾರಾದರೂ ನೋಡ್ತಾ ಇದ್ದಾರೆ ಅನ್ನೋ ಸಮಾಧಾನ ಬೇಕಿತ್ತು. ಅದು ಅರ್ಥ ಆಗುವಂಥದ್ದೇ.

ಮಗಳು ಮೊದಲ ಭೇಟಿಯಲ್ಲಿ ಬಾಯಿ ಬಿಡಲಿಲ್ಲ. ಎರಡನೇ ಸಲ ಒಂದು ಹಾಳೆ ಕೊಟ್ಟು, ಕಲಬುರಗಿಯಲ್ಲಿ ನಿನ್ನ ಒಂದು ದಿನ ಹೇಗಿರುತ್ತೆ ಬರಿ ಅಂದೆ. ಗಂಟೆ ಹಾಕಿ ಬರೆದಳು. 6ಕ್ಕೆ ಎದ್ದು ನೀರು ಹಿಡಿಯೋದು. 8ಕ್ಕೆ ತಮ್ಮನ್ನ ರೆಡಿ ಮಾಡೋದು. 4.30ಕ್ಕೆ ತಮ್ಮನ್ನ ಕರ್ಕೊಂಡು ಬರೋದು. 6ಕ್ಕೆ ಟ್ಯೂಷನ್. 8ಕ್ಕೆ ಬಾಗಿಲು ಚೆಕ್ ಮಾಡೋದು. 9ಕ್ಕೆ ಅಪ್ಪಗ ಫೋನ್ ಮಾಡಿ ಎಲ್ಲ ಹೇಳೋದು. ಈ ಬಾಗಿಲು ಯಾಕೆ ಅಂತ ಕೇಳಿದೆ. ಆಗ ಅತ್ತಳು. “ಅಪ್ಪ ಹೇಳ್ಯಾರ, ನೀ ದೊಡ್ಡಾಕಿ, ಅವ್ವನ್ನ ತಮ್ಮನ್ನ ನೋಡ್ಕೋ ಅಂತ. ನಂಗ ಆ ಊರೇ ಗೊತ್ತಿಲ್ಲ ಮೇಡಂ.”

ಹದಿಮೂರು ವರ್ಷ ಹುಡುಗಿಗೆ. ತಂದೆ ಆ ಮಾತನ್ನು ಅಕ್ಕರೆಯಿಂದಲೇ ಆಡಿದ್ದರು, ನಮ್ಮ ಮನೆಗಳಲ್ಲಿ ಎಲ್ಲರೂ ಆಡುವ ಮಾತದು. ಆದರೆ ಅವಳು ಅದನ್ನು ಡ್ಯೂಟಿ ಅಂತ ತೆಗೆದುಕೊಂಡುಬಿಟ್ಟಿದ್ದಳು. ಹೀಗಾದ ಮಕ್ಕಳಿಗೆ ಜಯನಗರವಾಗಲಿ ರಿಂಗ್ ರೋಡ್ ಆಗಲಿ, ಯಾವ ಏರಿಯಾವೂ ಸೇಫ್ ಆಗುವುದಿಲ್ಲ.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆಗೂ ಮನೆಗೂ ಸಂಬಂಧ ಇಲ್ಲ. ಆ ಮಾತನ್ನು ತಂದೆ ಮಗಳ ಮುಂದೆಯೇ ವಾಪಸ್ ತಗೊಳ್ಳಬೇಕು, ಅದೂ ತಾಯಿ ಎದುರಿಗೆ. ಮನೆಯ ಜವಾಬ್ದಾರಿ ತಾಯಿಯದು, ದುಡ್ಡಿನದ್ದು ತಂದೆಯದು, ಮಗಳದ್ದು ಓದು ಮತ್ತು ಆಟ. ರಾತ್ರಿ 9ರ ಫೋನನ್ನು ತಾಯಿಯೇ ಮಾಡಲಿ. ಮಗಳು ಬೇಕಾದರೆ ಆಮೇಲೆ ಮಾತಾಡಲಿ, ವರದಿ ಒಪ್ಪಿಸುವುದು ಬೇಡ. ತಾಯಿ ಏಳನೇ ತರಗತಿವರೆಗೆ ಓದಿದ್ದಾರೆ, ಬ್ಯಾಂಕು ಆಸ್ಪತ್ರೆ ಅಂದರೆ ಮಗಳನ್ನು ಮುಂದೆ ಬಿಡುತ್ತಿದ್ದರು. ಅದೂ ನಿಲ್ಲಬೇಕು ಅಂದೆ. ಫೋನ್‌ಪೇ ಕಲಿಯಿರಿ, ತುರ್ತು ಸಹಾಯದ 112 ಮತ್ತು ಮಕ್ಕಳ ಸಹಾಯವಾಣಿ 1098 ನಿಮ್ಮ ಬಾಯಿಗೇ ಬರಲಿ.

ಆಮೇಲೆ ಮನೆ ಮಾತಿಗೆ ಬಂದೆವು. ಯಾವ ಏರಿಯಾ ಒಳ್ಳೇದು ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಂದೇ ಕಾಲೊನಿಯ ಎರಡು ಓಣಿ ಒಂದೇ ಥರ ಇರುವುದಿಲ್ಲ. ನಿಮ್ಮ ಹೆಂಡತಿ ಮಕ್ಕಳು ಯಾವ ಯಾವ ಹೊತ್ತಿಗೆ ಒಬ್ಬೊಬ್ಬರೇ ಇರುತ್ತಾರೆ, ಆ ಹೊತ್ತಿಗೆ ಹೋಗಿ ಓಣಿ ನೋಡಿಬನ್ನಿ ಅಂದೆ. ತಂದೆ ನೋಡಿದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಲ್ಲಿ ಯಾವ ಓಣಿಯೂ ಚೆನ್ನಾಗಿಯೇ ಕಾಣುತ್ತದೆ! ಟ್ಯೂಷನ್ ಬಿಡುವ ಏಳೂವರೆಗೆ ಮಗಳ ಜೊತೆ ನಡೆದು ಬನ್ನಿ ಅಂತ ಕಳಿಸಿದೆ.

ರಿಂಗ್ ರೋಡಿನ ಆಚೆಯ ಆ ಲೇಔಟಿಗೆ ಹೋಗಿ ಬಂದರು. ಮುಖ್ಯ ರಸ್ತೆ ಬಿಟ್ಟ ಮೇಲೆ ಖಾಲಿ ಪ್ಲಾಟುಗಳು, ಆಳೆತ್ತರ ಜಾಲಿ ಕಂಟಿ, ಕಂಬ ಇದ್ದರೂ ದೀಪ ಇಲ್ಲ, ನಾಯಿ ಹಿಂಡು. ಡಾಂಬರು ಇನ್ನೂ ಆಗಿಲ್ಲ. ನಮ್ಮದು ಎರೆ ಮಣ್ಣು, ಎರಡು ಮಳೆ ಬಿದ್ದರೆ ಚಪ್ಪಲಿ ಕಿತ್ತು ಬರುತ್ತೆ, ಆಟೋದವರು ಒಳಗೆ ಬರೋದಿಲ್ಲ, ಮೂಲೆಯಲ್ಲೇ ಇಳಿಸಿ ಹೋಗುತ್ತಾರೆ. ‘ನಮ್ಮ ಮಂದಿ’ಯ ಹತ್ತಿರದ ಮನೆ ನಾಲ್ಕು ಪ್ಲಾಟ್ ಆಚೆ.

ಈ ವಿಷಯ ಸ್ವಲ್ಪ ನೇರವಾಗಿಯೇ ಬರೆಯುತ್ತೇನೆ. ನಮ್ಮಲ್ಲಿ ಏರಿಯಾ ಕೇಳುವಾಗ ಬಹಳ ಸಲ ಜಾತಿ, ಧರ್ಮವನ್ನೇ ಕೇಳುತ್ತಿರುತ್ತೇವೆ. ಮನೆ ಮಾಲೀಕರೂ ಅಷ್ಟೇ, ಅಡ್ಡಹೆಸರು ಕೇಳಿಯೇ ಬೀಗ ತೆಗೆಯುವವರಿದ್ದಾರೆ. ನಾನು ತಂದೆಗೆ ಕೇಳಿದ್ದಿಷ್ಟು: ರಾತ್ರಿ ಹನ್ನೊಂದಕ್ಕೆ ಹುಡುಗನಿಗೆ ಜ್ವರ ಬಂದರೆ ನಿಮ್ಮ ಹೆಂಡತಿ ಯಾರ ಬಾಗಿಲು ತಟ್ಟುತ್ತಾರೆ? ನಾಲ್ಕು ಪ್ಲಾಟ್ ಆಚೆಯ ನಂಟರದ್ದೋ, ಗೋಡೆ ಪಕ್ಕದವರದ್ದೋ? ಅವರು ಉತ್ತರ ಕೊಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಜಯನಗರದ ಮನೆಯಲ್ಲೂ ತಕರಾರಿತ್ತು. ಅದು ಮೇಲಿನ ಮಹಡಿ, ಮೇಲೆ ಬರೀ ಸ್ಲ್ಯಾಬು. ಕಲಬುರಗಿಯ ಬೇಸಿಗೆ ಗೊತ್ತಲ್ಲ, 42, 43 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುವ ಊರಿದು. ಸ್ಲ್ಯಾಬಿನ ಕೆಳಗೆ ಮಕ್ಕಳು ಮಲಗೋದಿಲ್ಲ, ಮಾಳಗಿ (ತಾರಸಿ) ಮೇಲೆ ಹಾಸಿಗೆ ಹಾಕುತ್ತಾರೆ. ಒಬ್ಬರೇ ಹೆಂಗಸು ಇಬ್ಬರು ಮಕ್ಕಳ ಜೊತೆ ಮಾಳಗಿ ಮೇಲೆ ಮಲಗೋದು, ಕೆಳಗೆ ಬಾಗಿಲು ಹಾಕದೇ ಬಿಡೋದು, ಅದೇನು ಸೇಫು? ಮೇಲೆ ಇನ್ನೊಂದು ಮನೆ ಇರುವ, ಕೆಳಗೆ ಮಾಲೀಕರು ಸಂಸಾರ ಸಮೇತ ಇರುವ ನಡು ಮಹಡಿ ಸಿಕ್ಕರೆ ನೋಡಿ ಅಂದೆ.

ನೀರಿನ ವಿಷಯ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆ ಹೆಂಗಸರನ್ನು ಕೇಳಿ. ಈ ಊರಲ್ಲಿ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೇ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಬಂದಿತ್ತು, ಉಳಿದ ಕಡೆ ಸರದಿ ಕಾಯಬೇಕು. ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆಗೆ, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುತ್ತೀರಾ, ಸಂಪ್ ಎಷ್ಟು ದೊಡ್ಡದು. ನಡುರಾತ್ರಿ ನೀರು ಬಿಡುವ ಓಣಿಯಾದರೆ ಏಳುವವರು ಯಾರು ಅನ್ನೋದೂ ಲೆಕ್ಕಕ್ಕೆ ಬರಬೇಕು. ಮಗಳು ಹಾಳೆಯಲ್ಲಿ ಮೊದಲು ಬರೆದದ್ದೇ ನೀರು, ನೆನಪಿದೆಯಲ್ಲ.

ದುಡ್ಡಿನ ಲೆಕ್ಕ ಹಾಳೆ ಮೇಲೆ ಹಾಕಿಸಿದೆ. ಅಂಗಡಿಯವರು, ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ದೂರದ ಮನೆಗೆ 5,500, ಇಬ್ಬರ ಸ್ಕೂಲ್ ಆಟೋ 3,200, ಟ್ಯೂಷನ್ ಆಟೋ 1,500. ಅಲ್ಲಿಗೇ 10,200. ಬೇಸಿಗೆಯ ಟ್ಯಾಂಕರ್ ಬೇರೆ. ಶಕ್ತಿ ಯೋಜನೆಯಲ್ಲಿ ತಾಯಿ ಮಗಳಿಗೆ ಬಸ್ಸು ಫ್ರೀ ನಿಜ, ಆದರೆ ಆ ಲೇಔಟಿನ ಬಸ್ಸು ಶಾಲೆಯ ಹೊತ್ತಿಗೆ ಹೊಂದುತ್ತಿರಲಿಲ್ಲ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ 9,000 ಕೊಟ್ಟರೂ ಅದೇ ಅಗ್ಗ. ತಂದೆ ಪೆನ್ನು ಕೆಳಗಿಟ್ಟು, “ಇದ್ನ ಮೊದಲೇ ಬರೀಬೇಕಿತ್ರಿ,” ಅಂದರು.

ಮಗಳಿಗೂ ಆಯ್ಕೆಯಲ್ಲಿ ಪಾಲು ಕೊಡಿ ಅಂದೆ. ಪೂರ್ತಿ ಅವಳ ಮೇಲೆ ಹಾಕಬೇಡಿ, ಮತ್ತೆ ಅದೂ ಹೊರೆ ಆಗುತ್ತೆ. ದುಡ್ಡು, ನೀರು ಸರಿ ಇರುವ ಎರಡು ಮನೆ ನೀವು ಆರಿಸಿ, ಅದರಲ್ಲಿ ಒಂದನ್ನು ಅವಳು ಹೇಳಲಿ. ಅವಳು ಆರಿಸಿದ್ದು ಹಳೇ ಓಣಿಯ ಮನೆ, 8,500. ಟೈಲ್ಸ್ ಇಲ್ಲ, ಶಹಾಬಾದ್ ಕಲ್ಲಿನ ನೆಲ. ಎದುರಿಗೆ ಕಿರಾಣಿ ಅಂಗಡಿ, ರಾತ್ರಿ ಹತ್ತರವರೆಗೆ ತೆರೆದಿರುತ್ತೆ. ಓಣಿಯಲ್ಲಿ ಹುಡುಗಿಯರು ಸೈಕಲ್ ಹೊಡೆಯುತ್ತಿದ್ದರಂತೆ, ಅದಕ್ಕೇ ಒಪ್ಪಿದಳು. ಮಾಲೀಕರು ಇವರ ಮಂದಿಯಲ್ಲ. ಯಾವ ಏರಿಯಾ ಅಂತ ಬರೆಯುವುದಿಲ್ಲ.

ಮನೆ ಹಿಡಿಯುವಾಗ ಹೇಳಿದ ಸಣ್ಣಪುಟ್ಟ ಮಾತು: 11 ತಿಂಗಳ ಕರಾರು ಬರೆಸಿಕೊಳ್ಳಿ. ಉಚಿತ ಕರೆಂಟಿನ ಗೃಹಜ್ಯೋತಿಗೆ ಹಳೇ ಬಾಡಿಗೆದಾರರ ಆಧಾರ್ ಡಿ-ಲಿಂಕ್ ಆಗಿದೆಯಾ ನೋಡಿ. ಊರ ಶಾಲೆಯಿಂದ ಟಿಸಿ ತಗೊಳ್ಳುವಾಗ ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಸರಿ ಇದೆಯಾ ಅಲ್ಲೇ ನೋಡಿಕೊಳ್ಳಿ.

ಜೂನ್ ಕಷ್ಟದಲ್ಲೇ ಹೋಯಿತು. ಮಗಳ ನಿದ್ದೆ ಒಂದೇ ಸಲ ಸರಿ ಹೋಗಲಿಲ್ಲ, ಊರ ಗೆಳತಿಯರ ಜೊತೆ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಲು ಬಿಡಿ ಅಂತ ಹೇಳಬೇಕಾಯಿತು. ದಸರಾ ಹೊತ್ತಿಗೆ ತಂದೆ ಫೋನ್ ಮಾಡಿ, ಆ ಹೊಸ ಲೇಔಟಿನಲ್ಲೇ ಒಂದು ಪ್ಲಾಟು ಬರುತ್ತಿದೆ, ತಗೊಳ್ಳಲಾ ಅಂತ ಕೇಳಿದರು. ಅದು ನನ್ನ ಕೆಲಸ ಅಲ್ಲ, ವಕೀಲರಿಗೆ ತೋರಿಸಿ, ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ, ಇ-ಖಾತೆ ಎರಡೂ ಇದ್ದರೆ ಮಾತ್ರ ಮುಂದುವರಿಯಿರಿ ಅಂದೆ. ಪ್ಲಾಟು ತಗೊಂಡರೂ ಮಗಳ ಎಸ್ಸೆಸ್ಸೆಲ್ಸಿ ಮುಗಿಯೋವರೆಗೆ ಮನೆ ಬದಲಿಸಬೇಡಿ. ಅದಕ್ಕೆ ಮಾತ್ರ ಕೂಡಲೇ ಹ್ಞೂಂ ಅಂದರು.