ನನ್ನ ಪೈನ್ ಮರದ ಬಾಣ ಮೊನೆಯ ಹಿಂದೆಯೇ ಮುರಿಯುತ್ತಿದೆ. ಗಟ್ಟಿಮರದ ತುದಿ ಕೂಡಿಸಿ ರಿಪೇರಿ ಮಾಡಬಹುದಾ?

ಖಂಡಿತ ಮಾಡಬಹುದು. ಮೊನೆಯಿಂದ ಅರ್ಧ ಗೇಣಿನೊಳಗೆ ಮುರಿದಿದ್ದರೆ ಆ ಬಾಣವನ್ನು ಎಸೆಯಲೇಬೇಡಿ. ನಿಮ್ಮದು ಪೈನ್ ಕಡ್ಡಿ ಅಂತ ಬರೆದಿದ್ದೀರಿ. ಅದು ಹಗುರ, ನೇರ, ಬಾಣಕ್ಕೆ ಒಳ್ಳೆಯ ಮರವೇ. ಆದರೆ ಗುರಿಗೆ ಬಡಿದಾಗ ಪೆಟ್ಟೆಲ್ಲ ಬೀಳುವುದು ಲೋಹದ ಮೊನೆಯ ಹಿಂದಿನ ನಾಲ್ಕು ಬೆರಳು ಜಾಗಕ್ಕೆ. ಅಲ್ಲಿಗೆ ಗಟ್ಟಿಮರ ಬಂದರೆ ಬಾಣ ತುಂಬಾ ದಿನ ಬಾಳುತ್ತದೆ. ಭಾರ ಸ್ವಲ್ಪ ಮುಂದಕ್ಕೆ ಹೋಗುವುದರಿಂದ ಹಾರುವಾಗ ಓಲಾಡುವುದೂ ಕಡಿಮೆ.

ನಾನಿರುವುದು ಕೊಡಗಿನ ವಿರಾಜಪೇಟೆ ಕಡೆ. ಇಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು-ಬಾಣ ಕೈಗೆ ಕೊಡುವ ಕೊಡವರ ಪದ್ಧತಿ ಇದೆ. ಆದರೂ ಈಗ ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದೂ ಕೋವಿಯಲ್ಲೇ. ಬಿಲ್ಲಿನ ಬಗ್ಗೆ ಯಾರಾದರೂ ಕೇಳಿದರೆ ನನಗೆ ನಿಜಕ್ಕೂ ಖುಷಿ.

ಮರಕ್ಕೆ ದೂರ ಹೋಗಬೇಕಾಗಿಲ್ಲ. ಕಿತ್ತು ಹಾಕಿದ ಹಳೇ ಕಾಫಿ ಗಿಡದ ಕಾಂಡ ನನಗೆ ಎಲ್ಲಕ್ಕಿಂತ ಇಷ್ಟ. ಊರುಗೋಲು ಮಾಡುವಷ್ಟು ಗಟ್ಟಿ, ಎಳೆ ಒತ್ತಾಗಿರುತ್ತದೆ. ಕಾಂಡ ಸೊಟ್ಟಗಿದ್ದರೂ ನಮಗೆ ಬೇಕಾದದ್ದು ಒಂದು ಗೇಣು ನೇರ ತುಂಡು ಅಷ್ಟೇ ಅಲ್ವಾ? ಎರಡೂ ತುದಿಗೆ ಪೇಂಟ್ ಬಳಿದು ನೆರಳಲ್ಲಿ ನಿಧಾನ ಒಣಗಿಸಿ. ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಬೇಗ ಒಣಗಿ ಸೀಳುತ್ತದೆ. ಬೀಟೆಯೂ ಚೆನ್ನಾಗಿರುತ್ತದೆ. ಆದರೆ ಸ್ವಂತ ತೋಟದ ಬೀಟೆಯನ್ನೂ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಬಡಗಿ ಹತ್ತಿರ ಉಳಿದ ತುಂಡು ಕೇಳಿ.

ಇನ್ನು ಜೋಡಣೆ. ಎಲ್ಲಾ ನಿಂತಿರುವುದು ಇದರ ಮೇಲೆ. ಗಟ್ಟಿಮರವನ್ನು ಬಾಣಕ್ಕಿಂತ ತುಸು ದಪ್ಪಗೆ, ಚೌಕವಾಗಿ, ಸುಮಾರು 9 ಇಂಚು ಉದ್ದಕ್ಕೆ ಕೀಸಿ. ಒಂದು ತುದಿಯಿಂದ ನಟ್ಟನಡುವೆ ತೆಳು ಗರಗಸದಲ್ಲಿ 6 ಇಂಚು ಸೀಳಿ. ಉಳಿದ 3 ಇಂಚು ಗಟ್ಟಿಯಾಗಿಯೇ ಇರಲಿ, ಮೊನೆ ಕೂರುವುದು ಅಲ್ಲಿ. ಸೀಳು ನಿಲ್ಲುವ ಜಾಗಕ್ಕೆ ದಾರ ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಅದು ಕೆಳಗೂ ಓಡುತ್ತದೆ. ಪೈನ್ ಕಡ್ಡಿಯ ತುದಿಯನ್ನು ಎರಡು ಬದಿಯಿಂದ ಅದೇ 6 ಇಂಚು ಉದ್ದಕ್ಕೆ ಬೆಣೆಯ ಹಾಗೆ ಕೀಸಿ. ತುದಿ ಗರಗಸದ ಸೀಳಿನಷ್ಟೇ ತೆಳ್ಳಗಾಗಬೇಕು. ಅಂಟು ಹಚ್ಚದೆ ಒಮ್ಮೆ ತೂರಿಸಿ ಬೆಳಕಿಗೆ ಹಿಡಿದು ನೋಡಿ. ಗಟ್ಟಿಮರದ ಎರಡು ನಾಲಗೆಗಳು ಬಾಗಿ ಬೆಣೆಯನ್ನು ಉದ್ದಕ್ಕೂ ತಬ್ಬಿಕೊಂಡಿರಬೇಕು. ಎಲ್ಲಾದರೂ ಬೆಳಕು ಇಣುಕಿದರೆ ಮತ್ತೆ ಕೀಸಿ. ಸಂದು ತುಂಬಿದ ಅಂಟಿನ ಮೇಲೆ ನನಗೆ ನಂಬಿಕೆ ಇಲ್ಲ. ನಾಲಗೆ ಬಾಗದಿದ್ದರೆ ಬಿಸಿನೀರಲ್ಲಿ ನೆನೆಸಿ ಬಗ್ಗಿಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ.

ಅಂಟು ನೀರು ತಡೆಯುವಂಥದ್ದೇ ಬೇಕು. ನಾನು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಬಳಸುತ್ತೇನೆ. ಬೀಟೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಮೊದಲು ಥಿನ್ನರ್‌ನಲ್ಲಿ ಒರೆಸಿ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಜೋಡಣೆಗೆ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಿ. ಆಮೇಲೆ ಚೌಕದ ನಾಲ್ಕು ಮೂಲೆ ಕೀಸಿದರೆ ಎಂಟು ಮುಖ ಬರುತ್ತದೆ. ಅದನ್ನು ಹದಿನಾರು ಮಾಡಿ, ಕೊನೆಗೆ ಸ್ಯಾಂಡ್‌ಪೇಪರ್‌ನಲ್ಲಿ ದುಂಡಗೆ ಮಾಡಿ. ಬಿಳಿ ಪೈನ್ ಮೇಲೆ ಕಂದು ಮರ ಎರಡು ಚೂಪು ಮೊನೆಯಾಗಿ ಕರಗಿಹೋಗುವುದನ್ನು ನೋಡಬೇಕು, ತುಂಬಾ ಚೆಂದ.

ನಾಲ್ಕು ಚೂಪಿನ ಜೋಡಣೆಯೂ ಇದೆ. ಇನ್ನೂ ಅಂದವಾಗಿ ಕಾಣುತ್ತದೆ, ಆದರೂ ಎರಡೇ ಸಾಕು ಅನ್ನುತ್ತೇನೆ. ಬಿಲ್ಲುಗಾರಿಕೆಯ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ರಾಜರ್ ಆಸ್ಕಮ್ 1545ರಲ್ಲೇ ಇದನ್ನು ಹೇಳಿದ್ದಾನೆ. ಚೂಪು ಹೆಚ್ಚಾದರೆ ನೆಲದ ತೇವ ಒಳಗೆ ಹೋಗಿ ಅಂಟು ಬಿಡುತ್ತದೆ ಅಂತ. ನಮ್ಮ ಕೊಡಗಿನ ಮಳೆಗಾಲಕ್ಕೆ ಆ ಮಾತು ಇನ್ನೂ ಸರಿ. ಅಂಟಿಸುವ ಕೆಲಸವನ್ನು ನಾನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸುತ್ತೇನೆ, ಮೇಲೆ ವಾರ್ನಿಷ್ ತಪ್ಪಿಸುವುದಿಲ್ಲ.

ರಿಪೇರಿಗೂ ಇದೇ ದಾರಿ. ಮೊನೆಯನ್ನು ಬಿಸಿಯಲ್ಲಿ ಕರಗುವ ಅಂಟಿನಲ್ಲಿ ಕೂರಿಸಿದ್ದರೆ ಸ್ವಲ್ಪ ಕಾಯಿಸಿ ಎಳೆಯಿರಿ, ಬರುತ್ತದೆ. ಸಿಬಿರೆದ್ದ ಭಾಗ ಕತ್ತರಿಸಿ, ಉಳಿದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ, ತಿರುಗಿಸಿ ಮತ್ತೆ ಬಗ್ಗಿಸಿ. ಚಿಟ್ ಅಂತ ಸದ್ದು ಬಂದರೆ ಒಳಗೆ ಬಿರುಕಿದೆ. ಅದನ್ನು ಎರಡು ತುಂಡು ಮಾಡಿ ಒಲೆಗೆ ಹಾಕಿ, ಯಾರೂ ಮತ್ತೆ ಎತ್ತಿಕೊಳ್ಳಬಾರದು. ಬಿರುಕು ಬಿಟ್ಟ ಬಾಣ ಹೆದೆ ಬಿಟ್ಟ ಕ್ಷಣದಲ್ಲೇ ಒಡೆದು, ಬಿಲ್ಲು ಹಿಡಿದ ಕೈಗೆ ಚುಚ್ಚಬಹುದು. ನಡುವೆ ಮುರಿದದ್ದನ್ನೂ ಕೂಡಿಸಬೇಡಿ, ಹೊಸ ತುದಿ ಅಲ್ಲಿಗೆ ಆಗಿಬರುವುದಿಲ್ಲ.

ರಿಪೇರಿಯಾದ ಬಾಣ ಜೊತೆಯವಕ್ಕಿಂತ ಭಾರ ಇರುತ್ತದೆ. ಚಿನ್ನದಂಗಡಿ ತಕ್ಕಡಿಯಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಹಗುರ ಮೊನೆ ಹಾಕಿ ಸರಿದೂಗಿಸಿ. ಮೊನೆಯ ತೂಕವನ್ನು ಗ್ರೇನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ: 125 ಗ್ರೇನ್ ಮೊನೆ ಸುಮಾರು 8 ಗ್ರಾಂ, 100 ಗ್ರೇನ್ ಸುಮಾರು ಆರೂವರೆ. ನಿಮ್ಮ ಕಡ್ಡಿಯ ದಪ್ಪ 5/16 ಇಂಚಾ, 11/32 ಇಂಚಾ ತಿಳಿಸಿ. ಗಟ್ಟಿಮರ ಎಷ್ಟು ದಪ್ಪ ತೆಗೆದುಕೊಳ್ಳಬೇಕು ಅಂತ ಹೇಳುತ್ತೇನೆ.